ಕಣ್ಣು ತಗ್ಗಿಸಿದರೆ ಕೈಬಿಟ್ಟ ಹಾಗೆ

ಆ ಬುಧವಾರ ಬೆಳಗ್ಗೆ ಕಡಲಿನಿಂದ ಮಂಜು ಎದ್ದು ಬಂದಿತ್ತು. ಎಡಿನ್‌ಬರೋ ಎದುರಿನ ನಮ್ಮ ಫೈಫ್ ಕರಾವಳಿಯ ಮಂಜೇ ಹಾಗೆ, ಕರೆಯದೆ ಬಂದ ನೆಂಟನಂತೆ ಸೀದಾ ಒಳಗೆ ಬಂದು ಕೂರುತ್ತದೆ. ಮೊದಲು ದೋಣಿಗಳು ಮರೆಯಾದವು. ಆಮೇಲೆ ದೀಪದ ಕಂಬಗಳು. ಕೊನೆಗೆ ಇಗರ್ಜಿಯ ಗೋಪುರ. ಗಂಟೆಯ ಸದ್ದೊಂದೇ ಉಳಿಯಿತು... ಕಾಣದಿದ್ದರೂ ಇದ್ದೇನೆ ಎಂದು ದೇವರು ನೆನಪು ಮಾಡಿದ ಹಾಗೆ.

ಇಶ್ಬೆಲ್ ಪಿಟನ್‌ವೀಮ್‌ನಲ್ಲಿ ಬಸ್ಸು ಹತ್ತಿ ಕೂಪರ್ ಪೇಟೆಗೆ ಬಂದಳು. ಹರಾಜು ಮನೆಯ ಬಾಗಿಲು ತಳ್ಳಿದಾಗ ಅವಳ ರೆಪ್ಪೆಗಳ ಮೇಲೆಲ್ಲ ಸಣ್ಣ ಹನಿಗಳು.

ಒಳಗೆ ಹೊಸ ಹರಾಜುದಾರ ಒಂದು ಬೆಳ್ಳಿ ಚಮಚವನ್ನು ಬೆಳಕಿಗೆ ಹಿಡಿದು ಅದರ ಮುದ್ರೆ ಓದುತ್ತಿದ್ದ. ತಲೆ ಎತ್ತಿದ.

ಇಬ್ಬರ ಕಣ್ಣುಗಳೂ ಒಂದು ಗಳಿಗೆ ಅಲ್ಲೇ ನಿಂತವು!

"ನೀವು ಲಾಕ್ಲನ್ ಅವರಾ? ನಾನು ಇಶ್ಬೆಲ್. ಹೆಕ್ಟರ್ ಅವರ ಪರವಾಗಿ ಬರೋದು. ಹಳೇ ಹರಾಜುದಾರರ ಜೊತೆ ನಮ್ಮ ದೊಡ್ಡಪ್ಪಂದು ಒಂದು ಒಪ್ಪಂದ ಇತ್ತು... ನಿಮಗೂ ಹೇಳ್ಬೇಕಂತೆ."

"ಹೇಳಿ."

"ನಾನು ಕೈ ಎತ್ತಲ್ಲ. ಚೀಟಿ ತೋರಿಸಲ್ಲ. ನಿಮ್ಮ ಕಣ್ಣನ್ನೇ ನೋಡ್ತಿದ್ರೆ ಕೂಗ್ತಿದ್ದೀನಿ ಅಂತ ಅರ್ಥ. ತಲೆ ತಗ್ಗಿಸಿದ್ರೆ ಬಿಟ್ಟೆ ಅಂತ."

ಲಾಕ್ಲನ್ ತುಟಿಯಂಚಿನಲ್ಲಿ ನಕ್ಕ. "ಮಧ್ಯೆ ರೆಪ್ಪೆ ಬಡಿದ್ರೆ?"

"ಬಡಿಯಲ್ಲ," ಎಂದಳು ಇಶ್ಬೆಲ್.

ಹಾಗೆ ಹೇಳುವಾಗಲೇ ಬಡಿದಳು.

*

ಹೆಕ್ಟರ್ ದೊಡ್ಡಪ್ಪನ ಮನೆ ಬಂದರಿನ ಮೇಲಿನ ದಿಬ್ಬದಲ್ಲಿತ್ತು. ಕಿಟಕಿ ತೆಗೆದರೆ ಕಡಲು. ಆದರೆ ಆ ಕಿಟಕಿಗಳನ್ನು ಯಾರೂ ತೆಗೆಯುತ್ತಿರಲಿಲ್ಲ! ಉಪ್ಪುಗಾಳಿಗೆ ಬೆಳ್ಳಿ ಕಪ್ಪಾಗುತ್ತದಲ್ಲ?

ಗೋಡೆಯುದ್ದಕ್ಕೂ ಗಾಜಿನ ಬೀರುಗಳು. ಅವುಗಳೊಳಗೆ ದೊಡ್ಡ ದೊಡ್ಡ ಗುಲಾಬಿ ಬರೆದ, ವೀಮ್ಸ್ ಎಂಬ ಇಲ್ಲಿನ ಹಳೇ ಪಿಂಗಾಣಿಯ ಹಂದಿಗಳು, ನವಿಲುನೀಲಿ ಹೂದಾನಿಗಳು, ಮುನ್ನೂರು ವರ್ಷದ ಬೆಳ್ಳಿ ತಟ್ಟೆಗಳು. ಬೀರು ಇಲ್ಲದ ಕಡೆ ಈಗಿನ ಚಿತ್ರಕಾರರು ಬರೆದ ಕಡಲು, ಬೆಟ್ಟ, ದೋಣಿ. ಗೋಡೆ ತುಂಬ ಕಡಲಿದ್ದ ಆ ಮನೆಯಲ್ಲಿ ಕಡಲಿನ ಸದ್ದಿರಲಿಲ್ಲ.

ತಾಯಿ ತೀರಿಕೊಂಡಾಗ ಒಂಬತ್ತು ವರ್ಷದ ಇಶ್ಬೆಲ್ ಈ ಮನೆಗೆ ಬಂದಿದ್ದಳು. ಓಡಬಾರದು, ಬೀರು ಅಲುಗುತ್ತದೆ. ಜೋರಾಗಿ ನಗಬಾರದು, ದೊಡ್ಡಪ್ಪ ಬೆಚ್ಚುತ್ತಾರೆ. ಮೆತ್ತನೆ ಚಪ್ಪಲಿ ಹಾಕಿಕೊಂಡು ಬೆಕ್ಕಿನಂತೆ ನಡೆಯುವುದನ್ನು ಅವಳು ಬೇಗ ಕಲಿತಳು. ಈಗ ಅವಳಿಗೆ ಇಪ್ಪತ್ತೇಳು.

ತಾಯಿಯಿಂದ ಅವಳಿಗೆ ಉಳಿದದ್ದು ಒಂದೇ ಒಂದು ವಸ್ತು, ಎರಡು ಕಿವಿಗಳ ಬೆಳ್ಳಿ ಬಟ್ಟಲು. ನಮ್ಮಲ್ಲಿ ಅದನ್ನು ಕ್ವೇಖ್ ಎನ್ನುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ಎರಡೂ ಕೈಯಲ್ಲಿ ಕೊಡಬೇಕು. ಮದುವೆಯಲ್ಲಿ ಗಂಡು ಹೆಣ್ಣು ಒಂದೇ ಬಟ್ಟಲಿನಿಂದ ಕುಡಿಯುತ್ತಾರೆ.

ಅದೂ ಬೀರಿನಲ್ಲಿತ್ತು. ತಳಕ್ಕೆ ದೊಡ್ಡಪ್ಪನ ಸಂಗ್ರಹದ ಸಂಖ್ಯೆಯ ಚೀಟಿ ಅಂಟಿಸಿತ್ತು: ಇನ್ನೂರ ಹನ್ನೆರಡು.

ಪ್ರತಿ ಹುಟ್ಟುಹಬ್ಬಕ್ಕೂ ಅವಳು ಕೇಳುತ್ತಿದ್ದಳು. "ದೊಡ್ಡಪ್ಪ, ಅಮ್ಮನ ಬಟ್ಟಲು..."

"ಇಲ್ಲೇ ಭದ್ರವಾಗಿದೆಯಲ್ಲ ಮಗೂ!" ದೊಡ್ಡಪ್ಪ ಸೊಂಟದ ಬೀಗದ ಕೈ ಗೊಂಚಲನ್ನು ತಟ್ಟಿ ನಗುತ್ತಿದ್ದರು. ಕೆಟ್ಟ ನಗೆಯಲ್ಲ ಅದು. ಅದಕ್ಕೇ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಅನ್ನ ಹಾಕಿದ ಕೈ, ಓದಿಸಿದ ಕೈ. ದೊಡ್ಡಮ್ಮ ಸಾಯುವಾಗ, "ಅವರನ್ನ ಒಂಟಿ ಮಾಡ್ಬೇಡ ಕಣೇ," ಎಂದು ಮಾತು ಬೇರೆ ತೆಗೆದುಕೊಂಡಿದ್ದಳು.

'ದೇವರೇ... ಋಣ ಅನ್ನೋದು ಇಷ್ಟು ನುಣುಪಾದ ಬೇಡಿಯಾ?' ಎಂದು ಇಶ್ಬೆಲ್ ಭಾನುವಾರ ಇಗರ್ಜಿಯಲ್ಲಿ ತಲೆಬಾಗಿಸಿ ಕೇಳುತ್ತಿದ್ದಳು. ಸುತ್ತಲಿನವರು ಕೀರ್ತನೆ ಹಾಡುತ್ತಿದ್ದರು.

ಮಂಡಿನೋವಿನ ದೊಡ್ಡಪ್ಪ ಹೊರಗೆ ಹೋಗುತ್ತಿರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಕೂಗುವ ಈ ಕಾಲದ ಹರಾಜು ಅವರಿಗೆ ಸೇರದು. ಆದ್ದರಿಂದ ತಿಂಗಳಿಗೊಂದು ಬುಧವಾರ ಇಶ್ಬೆಲ್‌ಗೆ ಬಾಗಿಲು ತೆರೆಯುತ್ತಿತ್ತು.

ಆ ಒಂದು ಬುಧವಾರ ಅವಳು ಮನಸಾರೆ ಒಬ್ಬನನ್ನು ನೋಡಬಹುದಿತ್ತು. ಆದರೆ ಪ್ರತಿ ನೋಟಕ್ಕೂ ಬೆಲೆ ಏರುತ್ತಿತ್ತು!

'ಅವನು ನನ್ನನ್ನ ನೋಡ್ತಾನಾ... ಇಲ್ಲಾ ಗಿರಾಕೀನ ನೋಡ್ತಾನಾ?'

ಕಟ್ಟೆಯ ಮೇಲೆ ಸುತ್ತಿಗೆ ಹಿಡಿದವನೂ ಅದನ್ನೇ ಯೋಚಿಸುತ್ತಿದ್ದ. 'ಅವಳು ನೋಡೋದು ನನ್ನನ್ನಾ... ಇಲ್ಲಾ ಹೂದಾನೀನಾ?'

ಹೀಗೆ ಎರಡು ವರ್ಷ ಕಳೆಯಿತು. ಕಣ್ಣು ತಗ್ಗಿಸಿದರೆ ಕೈಬಿಟ್ಟ ಹಾಗೆ. ಎತ್ತಿದರೆ ದೊಡ್ಡಪ್ಪನ ಹಣ.

*

ಆ ಮೇ ತಿಂಗಳಲ್ಲಿ ಹಳದಿ ಬೆಕ್ಕು ಬಂತು.

ಅದೂ ವೀಮ್ಸ್ ಪಿಂಗಾಣಿಯೇ. ಬೆಣ್ಣೆಹಳದಿ ಮೈ, ಹಸಿರು ಗಾಜಿನ ಕಣ್ಣು, ನಿಮ್ಮ ಗುಟ್ಟೆಲ್ಲ ಗೊತ್ತು ಎನ್ನುವಂಥ ಮೋರೆ. ದೊಡ್ಡಪ್ಪ ಅದಕ್ಕಾಗಿ ಮೂವತ್ತು ವರ್ಷ ಕಾದಿದ್ದರು.

"ಸಾವಿರದ ಮುನ್ನೂರು ಪೌಂಡ್. ಅದರ ಮೇಲೆ ಒಂದು ಪೆನ್ನಿ ಇಲ್ಲ. ತಲೆ ತಗ್ಗಿಸಿಬಿಡು. ಗೊತ್ತಾಯ್ತಾ?"

"ಆಯ್ತು ದೊಡ್ಡಪ್ಪ."

ಹರಾಜಿಗೆ ಮುಂಚೆ ಲಾಕ್ಲನ್ ಅವಳ ಪಕ್ಕ ಬಂದು ನಿಂತ. ಬೆಕ್ಕನ್ನು ನೋಡುತ್ತಲೇ ಮೆಲ್ಲಗೆ ಅಂದ:

"ಇವತ್ತು ಎಲ್ಲ ಮುಗಿದ್ಮೇಲೆ... ಒಂದು ಲೋಟ ಚಹಾ ಕುಡಿಯೋಣ್ವಾ? ಬೆಕ್ಕು ಹಂದಿ ಯಾವುದರ ಮಾತೂ ಆಡ್ಬಾರ್ದು."

ಹ್ಞೂಂ ಎಂದಳೋ ಇಲ್ಲವೋ ಇಶ್ಬೆಲ್‌ಗೇ ತಿಳಿಯಲಿಲ್ಲ.

ಹರಾಜು ಶುರುವಾಯಿತು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಉಳಿದದ್ದು ಇಶ್ಬೆಲ್ ಮತ್ತು ಲಾಕ್ಲನ್ ಮುಂದಿದ್ದ ಪುಸ್ತಕ. ಬರಲಾಗದವರು ತಮ್ಮ ಕೊನೆಯ ಬೆಲೆಯನ್ನು ಅದರಲ್ಲಿ ಬರೆಸಿ ಹೋಗುತ್ತಾರೆ. ಅವರ ಪರವಾಗಿ ಹರಾಜುದಾರನೇ ಕೂಗುತ್ತಾನೆ.

"ಸಾವಿರದ ಮುನ್ನೂರು, ಇಲ್ಲಿ. ಪುಸ್ತಕದಲ್ಲಿ ಸಾವಿರದ ನಾನೂರು."

ತಗ್ಗಿಸಬೇಕಿತ್ತು. ಅವಳು ತಗ್ಗಿಸಬೇಕಿತ್ತು...

'ಚಹಾ ಕುಡಿಯೋಣ್ವಾ ಅಂದನಲ್ಲ!'

ಅವಳು ನೋಡುತ್ತಲೇ ಇದ್ದಳು. ಅವನೂ ನೋಡುತ್ತಲೇ ಇದ್ದ. ಸಾವಿರದ ಐನೂರು. ಆರುನೂರು. ಏಳುನೂರು. ಪುಸ್ತಕದಲ್ಲಿ ಎಂಟುನೂರು.

"ಸಾವಿರದ ಒಂಬೈನೂರು... ಕೊನೇ ಸಲ ಕೇಳ್ತಿದ್ದೀನಿ..."

ಕೊನೇ ಸಲ ಎಂದವನು ಸುತ್ತಿಗೆ ಎತ್ತಿ ಹಾಗೇ ನಿಂತುಬಿಟ್ಟ. ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗೆ ಬೆನ್ನು ಕೊಟ್ಟು ಕೂತಿದ್ದ ಹಳೇ ಚಮಚಗಳ ವ್ಯಾಪಾರಿ ವುಲ್ಲಿ ರೇಗಿದ.

"ಹೊಡಿಯೋ ಮಾರಾಯ! ನನ್ನ ಚಮಚಕ್ಕೆ ತುಕ್ಕು ಹಿಡೀತಿದೆ!"

ಟಪ್!

ಆಗ ಇಶ್ಬೆಲ್‌ಗೆ ಎಚ್ಚರವಾಯಿತು. ಆರುನೂರು ಪೌಂಡ್ ಹೆಚ್ಚು!

ಅವಳು ಚಹಾಕ್ಕೆ ನಿಲ್ಲಲಿಲ್ಲ.

*

ದೊಡ್ಡಪ್ಪ ಕೂಗಾಡಲಿಲ್ಲ. ಅವಳ ಕೆಂಪೇರಿದ ಕೆನ್ನೆಯನ್ನು ಬಹಳ ಹೊತ್ತು ನೋಡಿದರು.

"ಪುಸ್ತಕವಂತೆ, ಪುಸ್ತಕ! ಗೋಡೆ ನೋಡಿಕೊಂಡು ಕೂಗಿರ್ತಾನೆ. ಇಲ್ಲದ ಗಿರಾಕೀನ ಹುಟ್ಟಿಸಿ ಬೆಲೆ ಏರಿಸಿದ್ದಾನೆ. ಪೆದ್ದು ಹುಡುಗಿ ಕಣ್ಣು ಬಿಟ್ಕೊಂಡು ನೋಡ್ತಿದ್ಲು, ಬೋಳಿಸಿಬಿಟ್ಟ!"

"ಇಲ್ಲ ದೊಡ್ಡಪ್ಪ, ಅವರು ಹಾಗಲ್ಲ..."

"ಹಾಗಿದ್ರೆ ಕೇಳು ಹೋಗು, ಪುಸ್ತಕದಲ್ಲಿ ಯಾರ ಹೆಸರಿತ್ತು ಅಂತ!"

ಮರುದಿನವೇ ಹೋಗಿ ಕೇಳಿದಳು. ಲಾಕ್ಲನ್ ಮುಖ ಬಿಳಿಚಿಕೊಂಡಿತು.

"ಅದನ್ನ ನಾನು ಹೇಳೋ ಹಾಗಿಲ್ಲ ಇಶ್ಬೆಲ್. ನಂಬಿ ಬರೆಸಿರ್ತಾರೆ."

"ಹೆಸರು ಇತ್ತಾ... ಇರಲಿಲ್ವಾ?"

"ನೀವೂ ಹಾಗಂದುಕೊಂಡ್ರಾ?"

"ನನ್ನ ಕಣ್ಣನ್ನ ಬಳಸಿಕೊಂಡ್ರಾ ನೀವು?"

ಅವನು ಪುಸ್ತಕದ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತ. ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದುಕೊಂಡಳು. ಅವಳ ಅನುಮಾನ ನೋಡಿ ಅವನು, ಎರಡು ವರ್ಷದ ನೋಟ ಬರೀ ವ್ಯಾಪಾರ ಎಂದುಕೊಂಡ.

ಮೊದಲ ಬಾರಿಗೆ ಅವನೇ ಕಣ್ಣು ತಗ್ಗಿಸಿದ.

ಅಲ್ಲಿಂದ ಮೂರು ತಿಂಗಳು ಬುಧವಾರಗಳೂ ಮುಚ್ಚಿಕೊಂಡವು. ದೊಡ್ಡಪ್ಪ ಫೋನಿನಲ್ಲೇ ಕೂಗತೊಡಗಿದರು. ಇಶ್ಬೆಲ್ ಬೆಳ್ಳಿ ಉಜ್ಜಿದಳು, ಹಂದಿಗಳ ಧೂಳು ಒರೆಸಿದಳು. ಬೇಸಿಗೆ ಗಾಜಿನ ಆಚೆ ಬಂದು, ಗಾಜಿನ ಆಚೆಯೇ ಹೋಯಿತು. ಹಳದಿ ಬೆಕ್ಕು ಬೀರಿನಲ್ಲಿ ಕೂತು ರೆಪ್ಪೆ ಬಡಿಯದೆ ಅವಳನ್ನು ನೋಡುತ್ತಿತ್ತು.

'ನಿನಗೂ ಬೀಗ, ನನಗೂ ಬೀಗ,' ಅಂದುಕೊಂಡಳು ಒಂದು ದಿನ. 'ನಿನಗೆ ಮೂರು ತಿಂಗಳು. ನನಗೆ ಇಪ್ಪತ್ತು ವರ್ಷ...'

*

ದೊಡ್ಡಪ್ಪನಿಗೆ ಬಂದ ಕಾಗದಗಳನ್ನು ಬೆಳಗಿನ ಗಂಜಿಯ ಹೊತ್ತಿಗೆ ಓದಿ ಹೇಳುವುದು ಅವಳ ಕೆಲಸ. ಅವರ ಕಣ್ಣು ಮಂದವಾಗಿ ವರ್ಷಗಳಾಗಿದ್ದವು. ಸೆಪ್ಟೆಂಬರಿನ ಒಂದು ಬುಧವಾರ ಎಡಿನ್‌ಬರೋದ ಮಿಸೆಸ್ ಪ್ರಿಂಗಲ್ ಎಂಬ ವ್ಯಾಪಾರಿಯ ಕಾಗದ ಬಂತು. ಇಶ್ಬೆಲ್ ಎಂದಿನಂತೆ ಒಡೆದು ಓದತೊಡಗಿದಳು.

"ಪ್ರಿಯ ಹೆಕ್ಟರ್, ಸೊಂಟ ಮುರಿದುಕೊಂಡು ಬೇಸಿಗೆಯೆಲ್ಲ ಮಲಗಿದ್ದೆ. ತಡವಾಯಿತು, ಕ್ಷಮಿಸಿ. ಆ ಹಳದಿ ಬೆಕ್ಕಿಗೆ ನೀವು ಹೇಳಿದಂತೆ ನನ್ನ ಹೆಸರಿನಲ್ಲಿ ಸಾವಿರದ ಎಂಟುನೂರು ಬರೆಸಿದ್ದೆ. ನಿಮ್ಮ ಹುಡುಗಿ ನಡುವೆ ಬಿಟ್ಟರೆ ಉಳಿದವರೂ ಬಿಡುತ್ತಾರೆ, ಆಗ ಅಗ್ಗಕ್ಕೆ ಸಿಗುತ್ತದೆ ಎಂಬ ನಿಮ್ಮ ಉಪಾಯ ಚೆನ್ನಾಗಿಯೇ ಇತ್ತು. ಆದರೆ ಯಾರೋ ಹಠಮಾರಿ ಸಾವಿರದ ಒಂಬೈನೂರಕ್ಕೆ..."

ಅವಳು ಕಾಗದ ಕೆಳಗಿಟ್ಟಳು.

ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು.

"ನಿಮ್ಮ ಮೇಲೆ ನೀವೇ ಕೂಗಿದ್ದು, ದೊಡ್ಡಪ್ಪ."

ಅವರು ಚಮಚ ಕೆಳಗಿಟ್ಟರು.

"ಪುಸ್ತಕದಲ್ಲಿ ಹೆಸರು ಇತ್ತು. ಅದು ನಿಮಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅವರನ್ನ ಕಳ್ಳ ಅಂದ್ರಿ."

"ಮಗೂ..." ಮುದುಕರು ಗಂಜಿಯ ತಟ್ಟೆ ಆಚೆ ಸರಿಸಿದರು. "ಅವತ್ತು ನಿನ್ನ ಮುಖ ನೋಡಿದೆ. ಥೇಟ್ ನಿಮ್ಮ ದೊಡ್ಡಮ್ಮ ಮದುವೆಗೆ ಮುಂಚೆ ನನ್ನನ್ನ ನೋಡ್ತಿದ್ದ ಹಾಗೇ ಇತ್ತು. ಇವಳೂ ಹೋಗಿಬಿಡ್ತಾಳೆ ಅನ್ನಿಸ್ತು. ಈ ಮಣ್ಣಿನ ಹಂದಿಗಳ ಜೊತೆ ನಾನೊಬ್ಬನೇ..."

ಇಶ್ಬೆಲ್‌ಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಅದರ ಹಿಂದೆಯೇ ಕರುಣೆಯೂ ಬಂತು. ಹೃದಯದೊಳಗೆ ದೇವರು ಇವೆರಡನ್ನೂ ಒಂದೇ ಹಲಗೆಯ ಮೇಲೆ ಕೂರಿಸಿರುತ್ತಾನೆ.

ಅವಳು ಎದ್ದು ಕಿಟಕಿಯ ಚಿಲಕ ಹಿಡಿದೆಳೆದಳು. ತುಕ್ಕು ಕಿರುಗುಟ್ಟಿತು. ಕಡಲಗಾಳಿ ಒಳಗೆ ನುಗ್ಗಿತು. ಅದರ ಜೊತೆ ಹಕ್ಕಿಗಳ ಜಗಳ, ಮೀನಿನ ವಾಸನೆ, ಯಾರದೋ ನಗೆ!

"ಬೆಳ್ಳಿ ಕಪ್ಪಾಗುತ್ತೆ ಕಣೇ!"

"ಆಗ್ಲಿ. ಉಜ್ಜಿದ್ರಾಯ್ತು." ಅವಳು ಕೋಟು ತೊಟ್ಟಳು. ಬೀರಿನಲ್ಲಿದ್ದ ತಾಯಿಯ ಬಟ್ಟಲನ್ನು ಒಮ್ಮೆ ನೋಡಿದಳು. ಈ ಸಲ ಕೇಳಲಿಲ್ಲ. "ಸಂಜೆ ಬಂದು ಅಡುಗೆ ಮಾಡ್ತೀನಿ. ನಿಮ್ಮನ್ನ ಒಂಟಿ ಮಾಡಲ್ಲ. ಆದ್ರೆ ಇನ್ಮೇಲೆ ನಾನು ಯಾರನ್ನ ನೋಡ್ಬೇಕು ಅಂತ ನೀವು ಹೇಳ್ಬೇಡಿ."

*

ಆ ದಿನ ಚಿತ್ರಗಳ ಹರಾಜು. ಕಟ್ಟೆಯ ಪಕ್ಕದಲ್ಲಿ ಒಂದು ಚಿತ್ರ ನಿಂತಿತ್ತು: ಮಂಜಿನಲ್ಲಿ ಪಿಟನ್‌ವೀಮ್ ಬಂದರು, ಮೇಲೆ ದಿಬ್ಬದಲ್ಲಿ ಒಂದೇ ಒಂದು ತೆರೆದ ಕಿಟಕಿ.

"ಮುನ್ನೂರು ಪೌಂಡ್, ವುಲ್ಲಿ ಅವರದು. ಮುನ್ನೂರೈವತ್ತು ಯಾರಾದ್ರೂ..."

ಲಾಕ್ಲನ್ ತಲೆ ಎತ್ತಿದ. ಬಾಗಿಲಲ್ಲಿ ಇಶ್ಬೆಲ್. ಕೂದಲೆಲ್ಲ ಗಾಳಿಗೆ ಕೆದರಿತ್ತು. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು.

"ಮುನ್ನೂರೈವತ್ತು... ಮೇಡಂ?"

ಅವಳು ನೋಡಿದಳು.

"ನಾನೂರಕ್ಕೆ ನಾನಿದ್ದೀನಿ!" ಅಂದ ವುಲ್ಲಿ.

"ನಾನೂರೈವತ್ತು, ಮೇಡಂ? ನೀವು... ಕೂಗ್ತಿದ್ದೀರಾ?"

"ಇಲ್ಲ," ಎಂದಳು ಇಶ್ಬೆಲ್. ಕಣ್ಣು ಅಲುಗಲಿಲ್ಲ. "ಕೂಗ್ತಿಲ್ಲ. ಸುಮ್ನೆ ನೋಡ್ತಿದ್ದೀನಿ. ನಿಮ್ಮನ್ನ."

ಕೋಣೆಯವರೆಲ್ಲ ಕತ್ತು ತಿರುಗಿಸಿದರು! ಆಮೇಲೆ ವುಲ್ಲಿ ತೊಡೆ ತಟ್ಟಿಕೊಂಡ.

"ಏ ಲಾಕ್ಲನ್! ಸುತ್ತಿಗೆ ಹೊಡಿಯೋ ದಡ್ಡ, ಬೇರೆಯವರು ಕೂಗೋಕೆ ಮುಂಚೆ! ಮತ್ತೆ ಆ ಚಿತ್ರ ನನಗೆ ಮುನ್ನೂರಕ್ಕೇ ಕೊಡು, ನನ್ನ ಮೇಲೆ ನಾನೇ ಕೂಗಿದೀನಿ!"

ನಗೆ ಸೂರಿಗೆ ಮುಟ್ಟಿತು. ಲಾಕ್ಲನ್ ಕಿವಿಯವರೆಗೂ ಕೆಂಪಾದ. ಸುತ್ತಿಗೆ ಹೊಡೆಯುವ ಬದಲು ಅದನ್ನು ಜೇಬಿಗೆ ಹಾಕಿಕೊಂಡ!

"ಹತ್ತು ನಿಮಿಷ ಬಿಡುವು," ಅಂದ.

ಹಿಂದಿನ ಕೋಣೆಯಲ್ಲಿ ಅವನು ಇಬ್ಬರಿಗೂ ಚಹಾ ಸುರಿದ.

"ಪುಸ್ತಕದಲ್ಲಿ ಯಾರಿದ್ರು ಅಂತ ಗೊತ್ತಾಯ್ತು. ನೀವು ಹೇಳ್ದೇ ಇದ್ದಿದ್ದು ಸರಿ. ನಾನು ಅನುಮಾನ ಪಟ್ಟಿದ್ದು ತಪ್ಪು," ಎಂದಳು ಇಶ್ಬೆಲ್.

"ನನ್ನದೂ ಒಂದು ತಪ್ಪಿದೆ. ಅವತ್ತು ಸುತ್ತಿಗೆ ಹೊಡೆಯೋಕೆ ಬೇಕಂತ್ಲೇ ತಡ ಮಾಡಿದೆ."

"ಯಾಕೆ?"

"ಹೊಡೆದ್ರೆ ನೀವು ಕಣ್ಣು ತೆಗೆದುಬಿಡ್ತೀರಲ್ಲ..."

ಇಶ್ಬೆಲ್ ನಕ್ಕಳು. ಜೋರಾಗಿ ನಕ್ಕಳು! ಚಹಾದ ಕಪ್‌ಗಳು ಅಲುಗಿದವು, ಯಾವುದೂ ಒಡೆಯಲಿಲ್ಲ.

"ಇನ್ನು ತೆಗೆಯಲ್ಲ."

"ರೆಪ್ಪೆ?"

"ಅದು ಬಡಿಯುತ್ತೆ ಲಾಕ್ಲನ್. ಉಸಿರಾಡೋ ಜೀವ ತಾನೇ!"

ಅವನು ಅವಳ ಕೈ ಹಿಡಿದುಕೊಂಡ. ಎಷ್ಟು ಹೊತ್ತೋ... ಬಾಗಿಲ ಬಳಿ ಕೋಲು ಊರಿದ ಸದ್ದು ಕೇಳಿ ಇಬ್ಬರೂ ತಿರುಗಿದರು.

ಹೆಕ್ಟರ್ ದೊಡ್ಡಪ್ಪ! ಇಗರ್ಜಿಗೆ ಹಾಕುವ ಕೋಟು ತೊಟ್ಟಿದ್ದರು. ಅವಳ ಹಿಂದೆಯೇ ಮುಂದಿನ ಬಸ್ಸಿನಲ್ಲಿ ಬಂದಿದ್ದರು, ಮಂಡಿನೋವಿನಿಂದ ಮುಖ ಕಿವುಚಿಕೊಂಡಿತ್ತು. ಅವರು ಲಾಕ್ಲನ್ ಕಡೆ ನೋಡಿ ಟೋಪಿ ತೆಗೆದರು. ತಲೆ ಬಾಗಿಸಿದರು. ಲಾಕ್ಲನ್ ಕುರ್ಚಿ ಎಳೆದುಕೊಟ್ಟ.

ದೊಡ್ಡಪ್ಪ ಕೂರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿದರು. ಕೋಟಿನೊಳಗಿಂದ ಮೆತ್ತನೆ ಬಟ್ಟೆಯ ಚೀಲ ತೆಗೆದು, ಅದರಿಂದ ಎರಡು ಕಿವಿಗಳ ಬಟ್ಟಲನ್ನು ಹೊರತೆಗೆದು, ಎರಡೂ ಕೈಯಲ್ಲಿ ಹಿಡಿದು ಇಶ್ಬೆಲ್ ಮುಂದೆ ಚಾಚಿದರು.

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಳದಲ್ಲಿ ಚೀಟಿ ಇರಲಿಲ್ಲ. ಕಿತ್ತ ಜಾಗ ಬೆರಳಿಗೆ ಇನ್ನೂ ಜಿಗುಟಾಗಿ ತಾಗುತ್ತಿತ್ತು.