ಪೆಡಲ್ ವೈರಿಗೆ ಸುತ್ತಿದ ದಾರ

2025ರ ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ 8.10. ಕೊಲ್ಹಾರ ಸೇತುವೆಯ ನಡುವೆ ಕಾರಿನ ಆಕ್ಸಿಲರೇಟರ್ ಕೈಕೊಟ್ಟಿತು. ಹಿಂದೆ ಬರುತ್ತಿದ್ದ ಕಬ್ಬಿನ ಲಾರಿ ಕಾರಿನ ಕನ್ನಡಿ ಕಿತ್ತುಕೊಂಡು ಹೋಯಿತು.

9.30ಕ್ಕೆ, ಕಾರು ಓಡಿಸುತ್ತಿದ್ದ ಶಿಕ್ಷಕಿ ಗೌತಮಿ, ಗಂಡ ಶ್ರೀವಲ್ಲಭರೊಂದಿಗೆ ಕೊಲ್ಹಾರ ಠಾಣೆಗೆ ಬಂದರು. ಪಿಎಸ್‌ಐ ವಿಜಯಶ್ರೀ ಗೌತಮಿಗೆ ನೀರು ಕೊಡಿಸಿ ಕೇಳಿದರು.

"ಎಷ್ಟನೇ ಸಲ?"

"ಮೂರನೇದ್ರಿ. ಮೂರೂ ಸಲ ಬ್ರಿಜ್ ಮ್ಯಾಲೇ. ಪೆಡಲ್ ಒತ್ತಿದ್ರ ಕಾರು ಕೇಳೂದಿಲ್ಲ, ತೆವಳ್ತದ. ಹಿಂದಿನ ಸೀಟಿನ್ಯಾಗ ಮಗಳಿದ್ಲು."

"ರಿಪೇರಿ?"

"ಪೆಡಲ್ ಹೊಸಾದು ಹಾಕ್ಸೇವ್ರಿ. ಎಂಟು ದಿನಕ್ಕ ಮತ್ತ ಹಂಗೇ."

"ಯಾರ ಮ್ಯಾಲರ ಸಂಶಯ?"

ಗೌತಮಿ ಬಾಯಿ ತೆರೆಯುವ ಮೊದಲೇ ಶ್ರೀವಲ್ಲಭ, "ನಮಗ್ಯಾರು ವೈರಿಗಳಿದ್ದಾರ್ರಿ?" ಎಂದರು.

11.45ಕ್ಕೆ ಬಾಗೇವಾಡಿಯ ಮೆಕ್ಯಾನಿಕ್ ಇಸಾಕ ಕಾರಿಗೆ ಸ್ಕ್ಯಾನರ್ ಜೋಡಿಸಿದ. "ಪೆಡಲಿನ ಸೆನ್ಸರ್ ಎರಡ ಸಿಗ್ನಲ್ ಕಳಸ್ತೈತ್ರಿ. ಎರಡನೇದು ಮೊದಲನೇದರ ಅರ್ಧ ಇರಬೇಕು. ನಿಂತಾಗ ಬರೋಬ್ಬರಿ ಐತಿ."

"ಹಂಗಾರ ಬ್ರಿಜ್ ಮ್ಯಾಲೆ ಹೋಗೂಣು," ಎಂದು ವಿಜಯಶ್ರೀ ಸ್ಟಿಯರಿಂಗ್ ಹಿಡಿದರು.

ಸೇತುವೆಯ ಜೋಡಣೆಗಳ ಮೇಲೆ ಕಾರು ಎರಡು ಸಲ ಕುಲುಕಿತು. ಮೂರನೇ ಕುಲುಕಿಗೆ ಸ್ಕ್ಯಾನರಿನ ಎರಡನೇ ಅಂಕಿ ಸೊನ್ನೆಗಿಳಿಯಿತು. ಪೆಡಲ್ ತಳ ಮುಟ್ಟಿದ್ದರೂ ವೇಗ ಅರವತ್ತರಿಂದ ಇಪ್ಪತ್ತಕ್ಕೆ ಬಂತು. ಒಳಗನ್ನಡಿಯ ತುಂಬ ಲಾರಿಯ ಮೂತಿ. ಹಾರ್ನ್ ನಿಲ್ಲಲಿಲ್ಲ.

"ಮೇಡಂ, ಬಾಜೂಕ ತಗೋರಿ!"

"ಎಲ್ಲಿಗೆ ತಗೊಳ್ಳೋ, ನೀರಾಗ?"

ಲಾರಿ ಗೇಣು ಅಂತರದಲ್ಲಿ ದಾಟಿತು. ದಡ ಮುಟ್ಟಿದೊಡನೆ ವಿಜಯಶ್ರೀ ಕಾರನ್ನು ಬದಿಗೆ ನಿಲ್ಲಿಸಿದರು.

1.20ಕ್ಕೆ ಠಾಣೆಯ ಆವರಣದಲ್ಲಿ ಪಂಚರ ಮುಂದೆ ಇಸಾಕ ಪೆಡಲಿನ ಮೇಲಿನ ವೈರುಗಳನ್ನು ಬಿಚ್ಚಿದ. ಪಂಚನಾಮೆಯಲ್ಲಿ ಹೀಗೆ ದಾಖಲಾಯಿತು: ಎರಡನೇ ಸಿಗ್ನಲಿನ ವೈರು ಕತ್ತರಿಸಿ, ತುದಿಗಳನ್ನು ಸಡಿಲವಾಗಿ ತಾಗಿಸಿಡಲಾಗಿದೆ, ಮೇಲೆ ಹತ್ತಿದಾರ ಸುತ್ತಿ ವಾರ್ನಿಷ್ ಬಳಿಯಲಾಗಿದೆ. ಆ ತುಂಡನ್ನು ಜಪ್ತಿ ಮಾಡಿದ ಬಳಿಕ ಇಸಾಕ ಹೊಸ ವೈರು ಬೆಸೆದ. ಸೇತುವೆಯ ಮೇಲೆ ಎರಡು ಸಲ ಓಡಿಸಿದರೂ ದೋಷ ಮರಳಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಇಬ್ರಾಹಿಂಸಾಬ ಜಪ್ತಿ ಮಾಡಿದ ತುಂಡನ್ನು ಬೆಳಕಿಗೆ ಹಿಡಿದರು. "ಕಾರ್ ರಿಪೇರಿಯವ್ರು ಟೇಪ್ ಸುತ್ತತಾರ್ರಿ. ದಾರ, ವಾರ್ನಿಷ್ ಅಂದ್ರ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಕಟ್ಟವ್ರ ಕೈ."

3.05ಕ್ಕೆ ಎಫ್‌ಐಆರ್ ದಾಖಲಾಯಿತು. ವಿಜಯಶ್ರೀ ಗೌತಮಿಗೆ ಫೋನ್ ಮಾಡಿದರು.

"ಬೋರ್‌ವೆಲ್ ಮೋಟಾರ್ ರಿಪೇರಿಗೆ ಯಾರ ಬರ್ತಾರ?"

"ಗೊಳಸಂಗಿ ಮಲ್ಲಣ್ಣ. ಕಾರ್ ಶೆಡ್ಡಿನ್ಯಾಗೇ ಮೋಟಾರಿನ ಸ್ಟಾರ್ಟರ್ ಅದರಿ. ಯಾಕ್ರಿ?"

5.20ಕ್ಕೆ ಗೊಳಸಂಗಿಯ ಅಂಗಡಿಯಲ್ಲಿ ಮಲ್ಲಣ್ಣನನ್ನು ಬಂಧಿಸಲಾಯಿತು. ಅವನು ಓಡಲಿಲ್ಲ, ಅಲ್ಲಗಳೆಯಲೂ ಇಲ್ಲ.

"ದಾರ ಯಾಕ ಸುತ್ತಿದಿ?"

"ಇಪ್ಪತ್ತ ವರ್ಷದ ರೂಢಿರಿ. ಜಾಯಿಂಟ್ ಬತ್ತಲಿ ಬಿಡಾಕ ಕೈ ಒಪ್ಪಲಿಲ್ಲ."

ಎರಡು ವರ್ಷಗಳ ಹಿಂದೆ ಶ್ರೀವಲ್ಲಭ ಓಡಿಸುತ್ತಿದ್ದ ಇದೇ ಕಾರು ಬಡಿದು ಮಲ್ಲಣ್ಣನ ಅಕ್ಕ ಚಂದವ್ವ ಸತ್ತಿದ್ದಳು. ಪೆಡಲಿನ ಸೆನ್ಸರ್ ಕೆಟ್ಟು ಕಾರು ತಾನಾಗಿ ನುಗ್ಗಿತೆಂದು ಶ್ರೀವಲ್ಲಭ ಹೇಳಿಕೆ ಕೊಟ್ಟಿದ್ದರು. ಯಾಂತ್ರಿಕ ದೋಷವೆಂದು ಪ್ರಕರಣ ಮುಗಿದಿತ್ತು. ಮನೆಗೆ ಬಂದು ಹೋಗುತ್ತಿದ್ದ ಮೋಟಾರ್ ರಿಪೇರಿಯವನು ಯಾರ ತಮ್ಮನೆಂದು ಅವರಿಗೆ ಗೊತ್ತಿರಲಿಲ್ಲ.

"ಪೆಡಲ್ ಮಾತ ಕೇಳಲಿಲ್ಲಂದ್ರ ಹ್ಯಾಂಗಿರತೈತಿ, ಅವ್ರಿಗೂ ತಿಳೀಲಿ ಅಂತ ಮಾಡಿದ್ನಿರಿ."

"ಕಾರ ಓಡಸಾಕಿ ಅವನ ಹೆಂಡ್ತಿ. ಹಿಂದ ಕೂಸಿತ್ತು."

"ಕೂಸಿಗೆ ಏನರ ಆತೇನ್ರಿ?" ಎಂದ ಮಲ್ಲಣ್ಣ. ಇಬ್ರಾಹಿಂಸಾಬರು ಅವನ ರಟ್ಟೆ ಹಿಡಿದು ಜೀಪು ಹತ್ತಿಸಿದರು.

ಠಾಣೆಗೆ ಮರಳಿದ ವಿಜಯಶ್ರೀ ಇಸಾಕನಿಗೆ ಫೋನ್ ಮಾಡಿದರು. "ಆ ಸೆನ್ಸರ್ ಕೆಟ್ರ ಗಾಡಿ ತಾನ ನುಗ್ಗತೈತೇನೋ?"

"ಆ ಗಾಡಿ ನುಗ್ಗೂದಿಲ್ರಿ. ಎರಡ ಸಿಗ್ನಲ್ ತಾಳೆ ಆಗ್ಲಿಲ್ಲಂದ್ರ ಎಂಜಿನ್ ಪವರ್ ಇಳಸ್ತೈತಿ. ನೀವ ನೋಡೀರಲ್ಲ."

ವಿಜಯಶ್ರೀ ಚಂದವ್ವನ ಸಾವಿನ ಕಡತ ತರಿಸಿ, ಹೆಚ್ಚಿನ ತನಿಖೆಗೆ ನ್ಯಾಯಾಲಯದ ಅನುಮತಿ ಪಡೆದರು. ಫೆಬ್ರುವರಿ 24ರಂದು ವಿಚಾರಣೆಗೆ ಹಾಜರಾಗಲು ಶ್ರೀವಲ್ಲಭರ ಹೆಸರಿಗೆ ನೋಟಿಸ್ ಹೋಯಿತು. ಮನೆಯಲ್ಲಿ ಅದನ್ನು ಓದಿ, ಸಹಿ ಮಾಡಿ ತೆಗೆದುಕೊಂಡವರು ಗೌತಮಿ.