ಮುಚ್ಚಳದ ಕುಂಕುಮ

1996ರ ಅಕ್ಟೋಬರ್ 10, ಗುರುವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ದಿಲೀಪ್ ಶ್ರೀರಂಗಪಟ್ಟಣದ ಠಾಣೆಗೆ ಏದುಸಿರು ಬಿಡುತ್ತ ಬಂದ. ಕೋಟೆಯ ಬಳಿ ಪ್ರವಾಸಿಗರಿಗೆ ಹಳೇ ಸಾಮಾನು ಮಾರುವವನು. ಬಣ್ಣದ ಕುದುರೆ ಸವಾರನ ಚಿತ್ರ, ಹಿಡಿ, ತವರದ ಮುಚ್ಚಳ ಇದ್ದ ದೊಡ್ಡ ಗಾಜಿನ ಲೋಟವೊಂದು ಕಳುವಾಗಿತ್ತು.

“ಟಿಪ್ಪು ಕಾಲದ್ದು ಸಾ. ಅರಮನೇದು.”

ಸಬ್ ಇನ್ಸ್‌ಪೆಕ್ಟರ್ ಚಿಕ್ಕಸ್ವಾಮಿ ಎಫ್‌ಐಆರ್ ದಾಖಲಿಸಿ, ಪೇದೆ ದೇವಯ್ಯನೊಂದಿಗೆ ದಿಲೀಪನ ಅಂಗಡಿಗೆ ಹೋಗಿ ಪಂಚನಾಮೆ ಬರೆದ. ಹಿಂಬಾಗಿಲ ಚಿಲಕವನ್ನು ಕುಡುಗೋಲಿನಿಂದ ಮೀಟಿದ್ದರು. ಕಿತ್ತುಬಂದ ಮುಚ್ಚಳ ಹೊಸ್ತಿಲಲ್ಲೇ ಬಿದ್ದಿತ್ತು. ಲೋಟವಿದ್ದ ಜಾಗದಲ್ಲಿ ಹೊಸ ಸ್ಟೀಲ್ ಬಿಂದಿಗೆಯೊಂದು ಕೂತಿತ್ತು.

“ಇದ್ಯಾರ್ದು?”

“ನಮ್ದೇ ಸಾ,” ಎಂದು ದಿಲೀಪ್ ಕಣ್ಣು ತಪ್ಪಿಸಿದ.

ಶುಕ್ರವಾರ ಮೈಸೂರಿನಲ್ಲಿ ನಿವೃತ್ತ ಕಲಾ ಮೇಷ್ಟ್ರೊಬ್ಬರು ಮುಚ್ಚಳವನ್ನೂ ಲೋಟದ ಫೋಟೋವನ್ನೂ ನೋಡಿ ನಕ್ಕರು. “ಯುರೋಪಿನ ಬೊಹೀಮಿಯಾ ಕಡೆಯದು. ಗಾಜಿನ ಮೇಲೆ ಬಣ್ಣ ಬರೆದು ಕುಲುಮೆಯಲ್ಲಿ ಸುಟ್ಟಿದ್ದಾರೆ. ಬಿಯರ್ ಕುಡಿಯೋಕೆ. ಇಲ್ಲಿ ಇಸವಿ ಕೊರೆದಿದೆ ನೋಡಿ, 1893. ಟಿಪ್ಪು ಸತ್ತು ತೊಂಬತ್ತನಾಲ್ಕು ವರ್ಷ ಆಗಿತ್ತು.”

ದೇವಯ್ಯ ಮುಚ್ಚಳದ ಕೀಲನ್ನು ಗುಂಡುಪಿನ್ನಿನಿಂದ ಕೆರೆದ. ಕೆಂಪು, ಹಳದಿ ಪುಡಿ ಉದುರಿತು.

“ಬಿಯರ್ ಕುಡಿಯೋರು ಅರಿಸ್ನ ಕುಂಕ್ಮ ಅಚ್ಚಕಿಲ್ಲ ಸಾ. ಸತ್ತೋರ್ಗೆ ಎಡೇಲಿ ಮಡಗವ್ರೆ ಇದ್ನ. ನಾಳೆ ಮಾಲಯ ಅಮಾಸೆ.”

ಸಂಜೆ ದಿಲೀಪನನ್ನು ಕರೆಸಿದರು.

“ನಿನ್ನ ಅರಮನೆ ಎಲ್ಲೈತೆ ಏಳ್ಲಾ?” ದೇವಯ್ಯ ಕೇಳಿದ.

“ಕಿಕ್ಕೇರಿ ತಾವ ಸಾ. ಅದೇ ಬಿಂದಿಗೆ ಕೊಟ್ಟು ಈಸ್ಕಂಡೆ. ಮಾಯಮ್ಮ ಅಂತ. ವಾಪಸ್ ಕೇಳಕ್ಕೆ ಎಲ್ಡ್ ಸಲ ಬಂದಿದ್ಲು, ನಾನೇ ಕೊಡ್ನಿಲ್ಲ.”

ಶನಿವಾರ ಮಧ್ಯಾಹ್ನ ಮೂರಕ್ಕೆ ಜೀಪು ಊರು ಸೇರಿತು. ಅರವತ್ತರ ಮಾಯಮ್ಮ ಮುಚ್ಚಿದ ಬಾಗಿಲ ಮುಂದೆ ಜಗಲಿಯಲ್ಲಿ ಕೂತಿದ್ದಳು. ಪೊಲೀಸರನ್ನು ಕಂಡರೂ ಏಳಲಿಲ್ಲ.

“ಒಳಗೆ ನಮ್ಮಪ್ಪ ಉಣ್ತಾವ್ನೆ. ಒಸಿ ತಡೀರಪ್ಪ.”

ಹಿರಿಯರು ಉಣ್ಣುವಾಗ ಬಾಗಿಲು ತೆಗೆಯಬಾರದೆಂಬುದು ಚಿಕ್ಕಸ್ವಾಮಿಯ ಮನೆಯಲ್ಲೂ ಇದ್ದ ಮಾತೇ. ಟೋಪಿ ತೆಗೆದು ಅವನೂ ಜಗಲಿಯ ಮೇಲೆ ಕೂತ.

“ಕನ್ನಂಬಾಡಿ ಕಟ್ಟೆ ಕೆಲಸದಾಗೆ ಪರಂಗಿ ದೊರೆ ನಮ್ಮಪ್ಪಂಗೆ ಕೊಟ್ಟ ಲೋಟ ಅದು. ಇರೀಕ್ರಿಗೂ ಅದ್ರಲ್ಲೇ ಎಡೆ ಮಡಗೋನು, ತಾನೂ ಅದ್ರಲ್ಲೇ ಎಂಡ ಕುಡಿಯೋನು. ಕೊನೇಲಿ ಡಾಕ್ಟ್ರು ಬ್ಯಾಡ ಅಂದ್ರು. ಒಂದ್ ಗುಟುಕು ಕೊಡವ್ವ ಅಂತ ಅಂಗಲಾಚ್ದ. ಲೋಟ ಬಚ್ಚಿಟ್ಟೆ. ಬೆಳಿಗ್ಗೆಗೆ ಓಗ್ಬುಟ್ಟಿದ್ದ.” ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಅದ್ರ ಮಕ ನೋಡಕ್ಕಾಗ್ದೆ ಬಿಂದಿಗೆಗೆ ಕೊಟ್ಬುಟ್ಟೆ. ಅವತ್ತಿಂದ ದಿನಾ ಕನಸಲ್ಲಿ ಬತ್ತಾನೆ, ಬೊಗಸೆ ಒಡ್ಕಂಡು. ತುಟಿ ಒಣಗೋಗಿರ್ತದೆ ಸ್ವಾಮಿ.”



ಐದಕ್ಕೆ ಅವಳೇ ಬಾಗಿಲು ತೆರೆದಳು. ಬಾಳೆ ಎಲೆಯ ಅನ್ನ, ಸಾರು ಬಡಿಸಿದಂತೆಯೇ ಇದ್ದವು.

“ಎಂಡ ಕಂಠಮಟ್ಟ ಉಯ್ದಿದ್ದೆ,” ಎಂದಳು.

ಎಲೆಯ ಪಕ್ಕದ ಲೋಟದಲ್ಲಿ ಒಂದು ಹನಿಯೂ ಇರಲಿಲ್ಲ. ಬಿರುಕೂ ಇರಲಿಲ್ಲ. ದೇವಯ್ಯ ನೆಲ ಸವರಿ ನೋಡಿ, ಒಣಗಿದ ಅಂಗೈ ತೋರಿಸಿದ.

ಮಾಯಮ್ಮ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ತಾನೇ ಲೋಟ ತಂದು ಚಿಕ್ಕಸ್ವಾಮಿಯ ಕೈಗಿತ್ತಳು.

“ಕುಡ್ದ. ಈಗ ನಡೀರಿ.”

5.40ಕ್ಕೆ ಬಂಧನ. ಜಪ್ತಿ ಪಂಚನಾಮೆಯಲ್ಲಿ ಚಿಕ್ಕಸ್ವಾಮಿ ‘ಗಾಜಿನ ಲೋಟ ಒಂದು, ಖಾಲಿ’ ಎಂದು ಬರೆದ. ಠಾಣೆಗೆ ಮರಳಿ ವರದಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ‘ತಂದೆಯ ಬಾಯಾರಿಕೆ’ ಎಂದು ಬರೆದು ಸಹಿ ಹಾಕಿದ.