ಗಿರಣಿ ನಿಂತಾಗ ಹೇಳು

ಸಾಲಿನಲ್ಲಿ ಮುಂದಿನವರು ಯಾರೆಂದು ನೋಡಲು ಅವಳು ತಲೆಯೆತ್ತಿದಳು. ಎತ್ತಿದ ತಲೆ ಹಾಗೆಯೇ ನಿಂತಿತು.

ಅವನು...

ಸಣ್ಣದೊಂದು ಗೋಧಿ ಚೀಲವನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ನಿಂತಿದ್ದ. ಊರಿಗೆ ಊರೇ ಶಪಿಸುತ್ತಿದ್ದ ಹಾಡುಗಾರ. ಗಿಟಾರಿನ ಹುಚ್ಚಿಗೆ ಜನ ಅವನಿಗಿಟ್ಟ ಹೆಸರು ತಂತಿ. ಕಳೆದ ವರ್ಷ ತನ್ನ ಬ್ಯಾಂಡ್ ಕಟ್ಟಿಕೊಂಡು ದೊಡ್ಡ ಊರಿಗೆ ಹೊರಟುಹೋದವನು, ಇವತ್ತು ಹಿಟ್ಟಿನ ಗಿರಣಿಯ ಸಾಲಿನಲ್ಲಿ.

"ಚೀಲ ತಕ್ಕಡಿ ಮೇಲಿಡಿ," ಎಂದಳು.

"ಇಡಿ ಅಂತೀಯಲ್ಲ... ನಾನೇನು ಹೊಸಬನಾ?"

"ಗಿರಾಕಿಗಳಿಗೆಲ್ಲ ಹಾಗೇ ಅನ್ನೋದು. ಹಿಂದೆ ಜನ ಕಾಯ್ತಿದಾರೆ."

ಕೈ ಕೆಲಸ ಮಾಡುತ್ತಿತ್ತು. ಆದರೆ ಕಾಲಿಗೆ ಇರುವೆ ಹತ್ತಿದಂತಾಗಿ, ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾಕೆ ಬಂದ? ಇನ್ನೂ ಏನು ಉಳಿದಿದೆ ಅಂತ ಬಂದ?

ಗಿರಣಿ ಅವಳ ಅಜ್ಜಿಯದು. ಅಜ್ಜಿ ತಕ್ಕಡಿಯ ಪಕ್ಕದ ಸ್ಟೂಲಿನಲ್ಲಿ ಕೂತು ತೂಗಿದರೆ, ಮೊಮ್ಮಗಳು ಬೀಸುತ್ತಿದ್ದಳು; ಅವಳಿಗೆ ಬಿಡುವಿಲ್ಲದಾಗ ಅಮ್ಮ. ಮೇಲಿನ ರೂಮನ್ನು ತಂತಿ ಮತ್ತು ಗೆಳೆಯರು ಬಾಡಿಗೆಗೆ ಹಿಡಿದಿದ್ದು ಒಂದೇ ಕಾರಣಕ್ಕೆ. ಡ್ರಮ್ಮು ಎಷ್ಟೇ ಬಡಿದರೂ ಕೆಳಗಿನ ಗದ್ದಲದಲ್ಲಿ ಯಾರೂ ದೂರು ಕೊಡುತ್ತಿರಲಿಲ್ಲ.

ಆ ಗದ್ದಲ ಅವಳಿಗೂ ಒಂದು ವರವಾಗಿತ್ತು. ಕಲ್ಲು ತಿರುಗುವಾಗ ಏನು ಹೇಳಿದರೂ ಸಾಲಿನಲ್ಲಿ ನಿಂತವರಿಗೆ ಕೇಳಿಸದು. ಅದಕ್ಕೇ ಅವಳು ಕಾಳು ಸುರಿಯುತ್ತ, ಹಿಟ್ಟು ತುಂಬುತ್ತ, ದಿನವಿಡೀ ಊರನ್ನು ಬೈಯುತ್ತಿದ್ದಳು.

'ಇಲ್ಲಿ ಸೀನಿದರೆ ನಾಲ್ಕು ಬೀದಿಯಾಚೆ ಯಾರಿಗೋ ನೆಗಡಿ.'

'ಗೋಪುರದ ಗಡಿಯಾರ ನಿಂತಿದೆ. ಅದನ್ನು ನೋಡಿ ಊರೂ ನಿಂತಿದೆ.'

'ಬಸ್ಸು ಕೂಡ ಬಂದು, ಬಾಗಿಲು ತೆರೆದು, ಬೇಸತ್ತು ಹೊರಟು ಹೋಗುತ್ತೆ.'

ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದಳು. ಒಂದು ದಿನ ತಿರುಗಿ ನೋಡಿದರೆ, ಮಹಡಿ ಮೆಟ್ಟಿಲಿನ ಕೊನೆಯಲ್ಲಿ, ಅವಳ ಬೆನ್ನ ಹಿಂದೆಯೇ ತಂತಿ ಕೂತಿದ್ದ. ಬಿದ್ದು ಬಿದ್ದು ನಗುತ್ತಿದ್ದ.

"ಬಿಳಿಹುಬ್ಬಿ, ನಿಲ್ಲಿಸಬೇಡ. ಬಸ್ಸು ಹೋದ ಮೇಲೆ ಏನಾಯ್ತು?"

ಹುಬ್ಬಿನ ಮೇಲೆ ಕೂತ ಹಿಟ್ಟಿಗೆ ಅವನಿಟ್ಟ ಹೆಸರು ಅದು. ಅಂದಿನಿಂದ ಮೆಟ್ಟಿಲು ಅವನ ಜಾಗವಾಯಿತು. ಬೈಗುಳ ಅವಳದು, ನಗು ಅವನದು. ಇಬ್ಬರ ನಡುವೆ ಏನೋ ಬೆಳೆಯುತ್ತಿತ್ತು... ಅದಕ್ಕೆ ಹೆಸರಿಡುವ ಮೊದಲೇ ಅವನು ಹೊರಟುಬಿಟ್ಟ.

ಆಮೇಲೆ ಆಲ್ಬಂ ಬಂತು. ಹೆಸರು 'ನಿಂತ ಗಡಿಯಾರ'. ಚೀಲಗಳ ಮರೆಯಲ್ಲಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಸೀನು, ನೆಗಡಿ, ಬಸ್ಸು, ಗಡಿಯಾರ. ಗಿಟಾರು ಅವನದು. ಸಾಲುಗಳೆಲ್ಲ ಅವಳವು! ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಅವಳ ಜೀವ ಆ ಗೊಣಗಾಟದಲ್ಲಿತ್ತು. ಬಿಟ್ಟು ಹೋಗಲಾಗದ ಊರಿನಲ್ಲಿ ಅವಳದೇ ಎನ್ನುವಂಥದ್ದು ಅದೊಂದೇ. ಅದನ್ನವನು ಗಿಟಾರಿನ ಜೊತೆ ಹೆಗಲಿಗೇರಿಸಿಕೊಂಡು ಹೋಗಿದ್ದ.

ಊರು ಸಿಟ್ಟಿನಿಂದ ಕುದಿಯಿತು. "ಕೈಗೆ ಸಿಗ್ಲಿ ಅವನು. ಅರ್ಧ ತಲೆ ಮಾತ್ರ ಬೋಳಿಸಿ ಕಳಿಸ್ತೀನಿ," ಎಂದು ಕ್ಷೌರದಂಗಡಿಯ ಮಾವ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಅವಳು ತುಟಿ ಕಚ್ಚಿಕೊಂಡಿದ್ದಳು. ನನ್ನದು ಎಂದರೆ ಊರು ನುಂಗುತ್ತದೆ. ಅನ್ನದಿದ್ದರೆ ಆ ಮಾತೇ ತನ್ನನ್ನು ನುಂಗುತ್ತದೆ.

ಈಗ ಅದೇ ಮಾವ ಸಾಲಿನಲ್ಲಿ ತಂತಿಯ ಹಿಂದೆಯೇ ನಿಂತು, ಅವನ ತಲೆಯನ್ನು ಅಳತೆ ಹಾಕುವವನಂತೆ ನೋಡುತ್ತಿದ್ದ.

ತಂತಿ ಗೋಧಿ ಸುರಿಯುವ ನೆಪದಲ್ಲಿ ಅವಳ ಕಿವಿಯ ಹತ್ತಿರ ಬಾಗಿದ. "ಮಾತಾಡ್ಬೇಕು."

"ಕಳ್ಳರ ಹತ್ರ ಏನು ಮಾತು?"

ಅವನ ಮುಖ ಬಾಡಿತು. "ನಿನ್ನ ಹೆಸರು ಹಾಕಿದ್ರೆ ಇವರು ನಿನ್ನ ಹತ್ರ ಬೀಸಿಸೋಕೆ ಬರ್ತಿದ್ರಾ? ನೀನು ಇಲ್ಲೇ ಇರೋಳು. ಬೈಗುಳ ನನಗೆ ಬೀಳ್ಲಿ ಅಂದ್ಕೊಂಡೆ."

ಹಾಗಿತ್ತಾ? ಕಾಪಾಡಲು ಹೊರಟಿದ್ದನಾ...

"ನನ್ನನ್ನ ಕೇಳಿದ್ಯಾ?"

"...ಇಲ್ಲ."

"ಬೈಗುಳ ನೀನು ತಗೊಂಡೆ, ಸರಿ. ಚಪ್ಪಾಳೆನೂ ನೀನೇ ತಗೊಂಡೆ. ನನಗೇನು ಉಳೀತು? ಹಿಟ್ಟು."

"ಅದಕ್ಕೇ ಬಂದೆ. ಹೋದಲ್ಲೆಲ್ಲ ಈ ಸಾಲು ಹೇಗೆ ಹೊಳೀತು ಅಂತಾರೆ. ನನ್ನ ಬಾಯಿ ಕಟ್ಟುತ್ತೆ. ಹೊಸ ಹಾಡಿಗೆ ಕೂತ್ರೆ ಒಂದಕ್ಷರ ಹುಟ್ಟಲ್ಲ. ಅಲ್ಲಿಂದ ನೋಡಿದ್ರೆ ಈ ಊರಿನ ಮೇಲೆ ಸಿಟ್ಟೇ ಬರಲ್ಲ ಕಣೇ. ಆ ಹಾಳು ಗಡಿಯಾರ ನೆನಪಾದ್ರೆ ಅಳು ಬರುತ್ತೆ."

ನಗಬಾರದೆಂದು ಅವಳು ಮುಖ ತಿರುಗಿಸಿದಳು.

ಅವನ ತುಟಿ ಮತ್ತೆ ಅಲುಗಿತು. ಈ ಬಾರಿ ತೀರ ಮೆಲ್ಲಗೆ. ಕಲ್ಲು ಅದನ್ನು ಗೋಧಿಯ ಜೊತೆಗೇ ನುಂಗಿಬಿಟ್ಟಿತು.

ಅವಳಿಗೆ ರೇಗಿತು. ಇವನಿಗೂ ಈ ಗದ್ದಲವೇ ಬೇಕು. ನನಗೂ ಇದೇ ಬೇಕಿತ್ತು. ಎಷ್ಟು ದಿನ ಇದರ ಸೆರಗಿನಲ್ಲಿ ಅಡಗುವುದು?

ಕೈಚಾಚಿ ಸ್ವಿಚ್ ಆರಿಸಿದಳು.

ಕಲ್ಲು ಇನ್ನೊಂದಿಷ್ಟು ಸುತ್ತಿ, ಗೊಣಗಿ, ನಿಂತಿತು. ಸಾಲಿಗೆ ಸಾಲೇ ಕತ್ತು ಚಾಚಿತು.

"ಕರೆಂಟ್ ಹೋಯ್ತೇನಮ್ಮ?" ಎಂದ ಮಾವ.

"ಇಲ್ಲ ಮಾವ, ನಾನೇ ನಿಲ್ಲಿಸಿದೆ." ಅವಳ ದನಿ ನಡುಗಿತು. ನಡುಗಲಿ ಎಂದುಕೊಂಡಳು. "ಆ ಹಾಡುಗಳ ಮಾತು ಇವನದಲ್ಲ. ನನ್ನದು. ಗಡಿಯಾರ, ಬಸ್ಸು, ನೆಗಡಿ... ಎಲ್ಲಾನೂ ಇಲ್ಲೇ ನಿಂತು, ನಿಮ್ಮ ಕಾಳು ಬೀಸ್ತಾ ಅಂದಿದ್ದು. ಬೈಯೋದಿದ್ರೆ ನನಗೆ ಬೈರಿ."

ಸಾಲಿನ ಕಣ್ಣೆಲ್ಲ ತಂತಿಯಿಂದ ಅವಳ ಕಡೆಗೆ ಹೊರಳಿದವು.

ಅಜ್ಜಿ ತಕ್ಕಡಿಯ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. "ನನಗೆ ಹಾಡು ಕೇಳಿದ ದಿನಾನೇ ಗೊತ್ತಾಯ್ತು. ಅಷ್ಟು ಚೆಂದ ಬೈಯೋದು ನಮ್ಮನೇಲಿ ಮಾತ್ರ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮಾವ ಗಲ್ಲ ಕೆರೆದುಕೊಂಡ. "ಊರು ಬಿಟ್ಟೋನು ಅಂದ್ರೆ ಉರಿಯುತ್ತೆ ತಾಯಿ. ನೀನು ಇಲ್ಲೇ ಬೇಯ್ತಾ ಇರೋಳು. ನೀನು ಅಂದ್ರೆ ತಪ್ಪಿಲ್ಲ. ಆ ಗಡಿಯಾರ ನಿಂತಿರೋದಂತೂ ನಿಜ ತಾನೇ?" ಅಷ್ಟು ಹೇಳಿ ತಂತಿಯ ಕಡೆ ತಿರುಗಿದ. "ನಿನ್ನ ತಲೆ ಮಾತ್ರ ಇನ್ನೂ ನನ್ನ ಲೆಕ್ಕದಲ್ಲಿದೆ."

ಈಗ ಸಾಲು ಬಾಯಿಬಿಟ್ಟೇ ನಕ್ಕಿತು.

ಅವಳ ಎದೆಯ ಮೇಲಿಂದ ದೊಡ್ಡದೊಂದು ಮೂಟೆ ಇಳಿದಂತಾಯಿತು. ಆದರೂ ಕಾಲು ಸುಮ್ಮನಿರಲಿಲ್ಲ. ಅವನತ್ತ ತಿರುಗಿದಳು.

"ಈಗ ನಿನ್ನ ಸರದಿ. ಆಗಲೇ ಏನೋ ಅಂದ್ಯಲ್ಲ."

"ಇಷ್ಟು ಜನರ ಮುಂದೆನಾ?"

"ಗಿರಣಿ ಶಬ್ದದಲ್ಲಿ ಹೇಳೋ ಮಾತನ್ನ ನಾನಿನ್ನು ಕೇಳಲ್ಲ."

ಸಾವಿರ ಜನರ ಮುಂದೆ ಹಾಡುವವನು ಗಂಟಲು ಸರಿಮಾಡಿಕೊಂಡ. ಕಿವಿ ಕೆಂಪಾಗಿತ್ತು.

"ನೀನು ಅಂದ್ರೆ ನನಗೆ ಇಷ್ಟ. ಹೊರಡೋ ದಿನ ಹೇಳೋಕೆ ಮೆಟ್ಟಿಲು ಇಳಿದೆ. ನೀನು ತಲೆ ಎತ್ತಲಿಲ್ಲ, ನನಗೆ ಧೈರ್ಯ ಸಾಲಲಿಲ್ಲ. ಇವತ್ತೇ ಎಲ್ಲ ಹಾಡಿಗೂ ನಿನ್ನ ಹೆಸರು ಹಾಕ್ತೀನಿ, ನನ್ನದಕ್ಕಿಂತ ಮೊದಲು. ನೀನು ಬರ್ತೀನಿ ಅಂದ್ರೂ ಸರಿ, ಬರಲ್ಲ ಅಂದ್ರೂ ಸರಿ. ಆದ್ರೆ... ಬರ್ತೀಯಾ? ನನ್ನ ಜೊತೆ?"

ಈ ಸಲ ಕೇಳಿದ. ಕೊನೆಗೂ ಕೇಳಿದ.

ಅವಳು ಅಜ್ಜಿಯನ್ನು ನೋಡಿದಳು.

"ನನ್ನ ಮುಖ ಏನು ನೋಡ್ತೀಯೇ? ನಿಮ್ಮಮ್ಮ ನಿನಗಿಂತ ನುಣ್ಣಗೆ ಬೀಸ್ತಾಳೆ. ಹೋಗೋಳು ಹೋಗು. ಮೊದಲು ಈ ಹುಡುಗನ ಗೋಧಿ ಮುಗಿಸು, ಅರ್ಧಕ್ಕೇ ನಿಂತಿದೆ."

"ಆ ಗೋಧಿ ಸುಮ್ನೆ ನೆಪಕ್ಕೆ ತಂದಿದ್ದು ಅಜ್ಜಿ," ಎಂದ ತಂತಿ.

"ಗೊತ್ತು ಕಣೋ. ಇಷ್ಟು ಕಮ್ಮಿ ಗೋಧಿ ಯಾರು ಬೀಸಿಸ್ತಾರೆ?"

ಅವಳು ಹಿಟ್ಟಾದ ಹೆಬ್ಬೆರಳನ್ನು ಅವನ ಹುಬ್ಬಿನ ಮೇಲೆ ಮೆಲ್ಲಗೆ ಎಳೆದಳು. ಆ ಹುಬ್ಬು, ಈ ಹುಬ್ಬು. ಈಗ ಇಬ್ಬರೂ ಒಂದೇ ಬಣ್ಣ. ಅವನು ಕಣ್ಣು ಮುಚ್ಚಿ ನಿಂತಿದ್ದ.

"ಬರ್ತೀನಿ," ಎಂದಳು. ಇನ್ನೊಂದು ಕೈ ಸ್ವಿಚ್ಚಿನ ಮೇಲಿತ್ತು. "ಅಲ್ಲೂ ನನಗೆ ಬೇಜಾರಾದ್ರೆ?"

"ಆ ಊರನ್ನೂ ಬೈಯೋಣ."

"ಯಾರ ಹೆಸರಲ್ಲಿ?"

ಅವನು ಕಣ್ಣು ತೆರೆದ. ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಇಬ್ಬರ ಹೆಸರಲ್ಲಿ."